ಅರವತ್ತು ಹೆಜ್ಜೆಯ ರನ್‌ವೇ

ವಿಮಾನವೇ ಇಳಿಯದ ಊರಿನಲ್ಲಿ ವಿಮಾನದ ಪಾಠ ಮಾಡಲು ಹೊರಟರೆ ಏನೇನು ಆಗಬಾರದೋ ಅದೆಲ್ಲ ಆಗುತ್ತದೆ, ಒಂದು ಮುಗಿಯುವುದರೊಳಗೆ ಇನ್ನೊಂದು.

ನಾನು ಜಮಖಂಡಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ಬಾಯಿ ಸ್ವಲ್ಪ ದೊಡ್ಡದು. ಒಂಬತ್ತನೇ ತರಗತಿಯಲ್ಲಿ ರನ್‌ವೇ ಬಗ್ಗೆ ಹೇಳುತ್ತ, "ಇದರಾಗೇನೈತಿ, ನಾವೂ ಒಂದ ಸಣ್ಣ ವಿಮಾನ ಮಾಡಿ ಹಾರಸಬಹುದು" ಅಂದುಬಿಟ್ಟೆ. ಬನಹಟ್ಟಿಯಿಂದ ದಿನಾ ಬಸ್ಸಿನಲ್ಲಿ ಬರುವ ನೇಕಾರರ ಹುಡುಗಿಯೊಬ್ಬಳು ಅದನ್ನು ಖರೆ ಅಂತ ನಂಬಿದಳು. ತಿಂಗಳೊಪ್ಪತ್ತಿನಲ್ಲಿ ವಿಮಾನ ಸಿದ್ಧ. ಥರ್ಮಾಕೋಲಿನ ಮೈ, ಅಪ್ಪನ ಮಗ್ಗದ ಬಟ್ಟೆ ತುಂಡು ಅಂಟಿಸಿದ ರೆಕ್ಕೆ, ಸಣ್ಣ ಮೋಟರು, ಕೈಯಲ್ಲಿ ರಿಮೋಟು. ಮುಧೋಳದ ವಿಜ್ಞಾನ ಪ್ರದರ್ಶನದಲ್ಲಿ ಅದು ಅರವತ್ತು ಹೆಜ್ಜೆಯೊಳಗೆ ನೆಲ ಬಿಟ್ಟು ಏಳಬೇಕಿತ್ತು. ಎದ್ದರೆ ಆಕೆಗೆ ರಾಜ್ಯಮಟ್ಟದ ಶಿಬಿರ. ಏಳದಿದ್ದರೆ "ಸಾಕ ಮಾಡು ಈ ಆಟ" ಅನ್ನಲು ಅವಳ ಮನೆಯಲ್ಲಿ ಎಲ್ಲರೂ ತಯಾರಾಗಿ ಕೂತಿದ್ದರು.

ಹಾರ

ಮೊದಲ ಪರೀಕ್ಷೆ ನಮ್ಮ ಶಾಲೆಯ ಮೈದಾನದಲ್ಲೇ. ಸುದ್ದಿ ಹೆಡ್‌ಮಾಸ್ತರ ಕಿವಿಗೆ ಬಿತ್ತು. ನಮ್ಮ ಕಡೆ ಹೊಸ ಹೊಲಿಗೆ ಮಷಿನ್ನು ಬಂದರೂ ಪೂಜೆಯಿಲ್ಲದೆ ಒಂದು ಹೊಲಿಗೆ ಬೀಳುವುದಿಲ್ಲ. ವಿಮಾನವನ್ನು ಬಿಟ್ಟಾರೆಯೇ? ಮೂತಿಗೆ ವಿಭೂತಿ, ರೆಕ್ಕೆಗೆ ಕುಂಕುಮ, ಗಾಲಿಯ ಕೆಳಗೆ ನಿಂಬೆಹಣ್ಣು, ಕೊರಳಿಗೆ ದಪ್ಪನೆಯ ಚೆಂಡು ಹೂವಿನ ಹಾರ. ವಿಮಾನಕ್ಕೆ ಕೊರಳು ಎಲ್ಲಿ ಎಂಬ ಚರ್ಚೆಯೇ ಹತ್ತು ನಿಮಿಷ ನಡೆಯಿತು.

ಮೋಟರು ಗುರ್ ಅಂದಿತು. ವಿಮಾನ ಓಡಿತು, ಓಡಿತು, ಮೈದಾನ ಮುಗಿಯುವವರೆಗೂ ಓಡಿ ನೀರಿನ ಟಾಕಿಗೆ ಮೂತಿ ಹೊಡೆದುಕೊಂಡಿತು.

"ಸರ, ಹಾರದ ತೂಕ ವಿಮಾನದ ಅರ್ಧ ಐತ್ರಿ" ಅಂದಳು ಹುಡುಗಿ.

ನಾನು ಹೆಡ್‌ಮಾಸ್ತರಿಗೆ ಬಿಡಿಸಿ ಹೇಳಿದೆ. "ತೂಕ ಹೆಚ್ಚಾದಷ್ಟು ಏಳಾಕ ಹೆಚ್ಚ ಜೋರ ಬೇಕ್ರಿ. ಜೋರ ಬರಾಕ ಉದ್ದ ಓಡಬೇಕು. ಹಾರ ತಗದ್ರ ಇಷ್ಟ ಮೈದಾನ ಸಾಕಾಕ್ಕೈತಿ."

ಅವರು ಗಂಭೀರವಾಗಿ ಯೋಚಿಸಿ ಹೇಳಿದರು. "ಹಾರ ತಗಿಯೂದ ಬ್ಯಾಡ್ರಿ, ಶುಭ ಅಲ್ಲ. ಮೈದಾನ ದೊಡ್ಡದ ಮಾಡೂಣು."

ಬಿಸಿಲು

ಮರುದಿನ ಹೆಡ್‌ಮಾಸ್ತರು ಬರುವ ಮೊದಲೇ ಹಾರ ತೆಗೆದೆವು. ಮುಂಜಾನೆ ವಿಮಾನ ಗೇಣು ಎತ್ತರ ಎದ್ದಿತು. ಖುಷಿಯಿಂದ ಮಧ್ಯಾಹ್ನ ಎಲ್ಲರನ್ನೂ ಕರೆದು ತೋರಿಸಿದರೆ ಏಳಲೇ ಇಲ್ಲ. ಕಾದ ಗಾಳಿ ತೆಳುವಾಗುತ್ತದೆ, ರೆಕ್ಕೆಗೆ ಆಸರೆ ಸಾಲದು, ಆಗ ಹೆಚ್ಚು ದೂರ ಓಡಬೇಕು. ಶಿವರಾತ್ರಿ ಇನ್ನೂ ದೂರ ಇತ್ತು, ಬಿಸಿಲು ಮಾತ್ರ ಆಗಲೇ ಬಂದಿತ್ತು.

ಹೆಸರು ನೋಂದಾಯಿಸಿ ಬರುವಾಗ ಮುಧೋಳದ ಬಸ್‌ಸ್ಟ್ಯಾಂಡಿನಲ್ಲಿ ಇದನ್ನೇ ಹುಡುಗಿಗೆ ಹೇಳುತ್ತಿದ್ದೆ. ಪಕ್ಕದಲ್ಲಿದ್ದ ಬೀಳಗಿಯ ಹಿರಿಯರು ಕಿವಿ ಕೊಟ್ಟರು.

"ಬಿಸಲ ಹೆಚ್ಚಿದ್ದಲ್ಲಿ ರನ್‌ವೇ ಉದ್ದ ಬೇಕನ್ರಿ? ಹಂಗಾದ್ರ ನಮ್ಮ ಬೀಳಗಿಗೆ ಎಲ್ಲಾರಕಿಂತ ಉದ್ದಂದ ಬರಬೇಕು."

ಮುಧೋಳದವರೊಬ್ಬರಿಗೆ ತಡೆಯಲಾಗಲಿಲ್ಲ. "ನಿಮ್ಮದೇನ ಬಿಸಲರಿ? ನಮ್ಮ ಮಾಳಗಿ ಮ್ಯಾಲ ಹಪ್ಪಳ ಒಣಗಾಕ ಇಟ್ಟರ ಸುಟ್ಟ ಬರತಾವು."

"ನಮ್ಮಲ್ಲಿ ಹಪ್ಪಳ ಮ್ಯಾಲ ಒಯ್ಯೂದ ಇಲ್ಲರಿ. ಅಂಗಳದಾಗ ಸುಡತಾವು."

ಉದ್ದದ ರನ್‌ವೇ ಮರ್ಯಾದೆಯಲ್ಲ, ಬಿಸಿಲಿಗೆ ತೆರುವ ದಂಡ ಅಂತ ನಾನು ಹೇಳಹೋದೆ. ಇಬ್ಬರೂ ನನ್ನನ್ನು ಪರವೂರಿನವನಂತೆ ನೋಡಿದರು. ಕೊನೆಗೆ ಕಂಡಕ್ಟರ್ ಜಗಳ ಬಿಡಿಸಿದ. "ಬೀಳಗಿಯವರ ಹತ್ರಿ. ವಿಮಾನ ಬರೂತನಕ ಈ ಬಸ್ಸೊಂದ ಐತಿ."

ಗಾಳಿ

ಹುನ್ನೂರಿನ ಹೊಲಗಳ ನಡುವೆ ನೇರವಾದ ಬಂಡಿದಾರಿ ಇದೆ ಅಂತ ಕೇಳಿ ಅಲ್ಲಿಗೆ ಹೋದೆವು. ಗಾಳಿ ಜೋರಾಗಿತ್ತು. ನಮ್ಮ ಡ್ರಾಯಿಂಗ್ ಮಾಸ್ತರು ಜೊತೆಗಿದ್ದರು. "ಗಾಳಿ ಹಿಂದ ಇರಲ್ರಿ, ಸೈಕಲ್ಲಿಗೆ ದಬ್ಬಿದಂಗ ದಬ್ಬತೈತಿ" ಅಂದರು. ಪಾಠ ಮಾಡುವ ನನಗೂ ಆ ಹೊತ್ತಿಗೆ ಅದೇ ಸರಿ ಅನ್ನಿಸಿತು, ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ. ವಿಮಾನ ದಾರಿಯುದ್ದಕ್ಕೂ ಓಡಿ ಜೋಳದೊಳಗೆ ನುಗ್ಗಿತು.

ಹೊಲದಲ್ಲಿ ಕವಣಿ ಹಿಡಿದು ಹಕ್ಕಿ ಓಡಿಸುತ್ತಿದ್ದ ಅಜ್ಜಿ ಅದನ್ನು ತಂದುಕೊಟ್ಟಳು. "ಯಪ್ಪಾ, ಹುಟ್ಟಿದಾಗಿಂದ ಹಕ್ಕಿ ಎಬ್ಬಸೇನಿ. ಅವು ಗಾಳಿಗಿ ಎದಿ ಕೊಟ್ಟ ಏಳತಾವು, ಬೆನ್ನ ಕೊಟ್ಟಲ್ಲ. ತಿರವಿ ಬಿಡು."

ತಿರುಗಿಸಿ ಬಿಟ್ಟೆವು. ಅರ್ಧ ದಾರಿಯಲ್ಲೇ ಎದ್ದು ಬೇವಿನ ಮರದ ಮೇಲೆ ಒಂದು ಸುತ್ತು ಹಾಕಿತು. ಹುಡುಗಿ ನಗುತ್ತಲೇ ಕಣ್ಣು ಒರೆಸಿಕೊಂಡಳು.

ಅಜ್ಜಿ ನನ್ನನ್ನು ಕೇಳಿದಳು. "ಸಾಲ್ಯಾಗ ನೀ ಏನ ಕಲಸ್ತಿ?"

"ವಿಜ್ಞಾನ."

"ಹಂಗಾದ್ರ ತಪ್ಪಿಲ್ಲ ಬಿಡು. ಹಕ್ಕಿ ಸುದ್ದಿ ನಿನಗ ಹ್ಯಾಂಗ ಗೊತ್ತಾಗಬೇಕು."

ಸೋಫಾ

ಪ್ರದರ್ಶನದ ದಿನ ಮುಧೋಳಕ್ಕೆ ಹೋಗಿ ನೋಡಿದರೆ ಅರವತ್ತು ಹೆಜ್ಜೆಯ ಜಾಗದಲ್ಲಿ ನಲವತ್ತೇ ಉಳಿದಿತ್ತು. ಅತಿಥಿಗಳು ಹೆಚ್ಚಾಗಿದ್ದರಿಂದ ಸೋಫಾಗಳು ಸಾಲುಸಾಲಾಗಿ ಮುಂದೆ ಬಂದಿದ್ದವು. ಮೊದಲ ಸಾಲಿನ ನಡುವೆ ನಿರ್ಣಾಯಕರು. ಭಾಷಣಗಳು ಮುಗಿಯುವಾಗ ನಡುಮಧ್ಯಾಹ್ನ. ಗಾಳಿ ಬೀಸುತ್ತಿದ್ದುದು ಸೋಫಾಗಳ ಕಡೆಯಿಂದಲೇ. ಅಂದರೆ ವಿಮಾನ ಅತಿಥಿಗಳತ್ತಲೇ ಓಡಬೇಕು.

"ಸೋಫಾ ಸ್ವಲ್ಪ ಸರಸರಿ" ಅಂತ ಕೈಮುಗಿದೆ.

ಸಂಘಟಕರು ನನ್ನನ್ನೇ ಬೈದರು. "ಹಿರ್‍ಯಾರ ಕುಂತಾರ್ರಿ. ಎಬ್ಬಸಾಕ ಬರೂದಿಲ್ಲ. ವಿಮಾನದ ಮೂತೀನ ಆ ಕಡೆ ಮಾಡ್ರಿ."

ಹುಡುಗಿ ನನ್ನ ಮುಖ ನೋಡಿದಳು. ಅವಳ ಇಷ್ಟು ದಿನದ ಆಸೆ ಆ ಸೋಫಾಗಳ ಕೆಳಗೆ ಸಿಕ್ಕಿತ್ತು. ಅವಳು ವಿಮಾನವನ್ನು ಗಾಳಿಗೆ ಎದೆ ಕೊಟ್ಟು ನಿಲ್ಲಿಸಿ ಬಿಟ್ಟೇಬಿಟ್ಟಳು.

ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ, ಇನ್ನೂ ನೆಲದ ಮೇಲೇ. ಮೂವತ್ತಕ್ಕೆ ಮೊದಲ ಸಾಲು ಎದ್ದಿತು. ಪೇಟ, ಶಾಲು, ಚಹಾದ ಕಪ್ಪು ಬಿಟ್ಟು ಹಿರಿಯರೆಲ್ಲ ಎರಡೂ ಕಡೆ ಚದುರಿದರು. ಕೊನೆಯ ಹೆಜ್ಜೆಗೆ ನೆಲ ಬಿಟ್ಟ ವಿಮಾನ ಖಾಲಿ ಸೋಫಾಗಳ ಮೇಲಿಂದ ಸುಯ್ಯನೆ ಹಾರಿ, ಮುಧೋಳದ ಆಕಾಶದಲ್ಲಿ ಮೂರು ಸುತ್ತು ಹಾಕಿ ಬಂದು ಇಳಿಯಿತು. ಚಪ್ಪಾಳೆ ನಿಲ್ಲಲೇ ಇಲ್ಲ.

ನಿರ್ಣಾಯಕರು ಏದುಸಿರು ಬಿಡುತ್ತ, ಒಂದು ಚಪ್ಪಲಿ ಹುಡುಕುತ್ತ ಪ್ರಶ್ನೆ ಕೇಳಿದರು. "ರನ್‌ವೇ ಎಷ್ಟ ಉದ್ದ ಇರಬೇಕಂತ ಹ್ಯಾಂಗ ಗೊತ್ತ ಮಾಡತಾರವ್ವಾ?"

"ವಿಮಾನದ ತೂಕ ನೋಡಬೇಕ್ರಿ, ಬಿಸಲ ನೋಡಬೇಕ್ರಿ, ಗಾಳಿ ನೋಡಬೇಕ್ರಿ" ಅಂದಳು. ಆಮೇಲೆ ಅವರ ಬರಿಗಾಲನ್ನು ನೋಡಿ ವಿನಯದಿಂದ ಸೇರಿಸಿದಳು. "ಮತ್ತ ಮುಂದ ಕುಂತಾವರು ಎಷ್ಟ ಲಗೂ ಏಳತಾರ ಅನ್ನೂದನ್ನೂ ನೋಡಬೇಕ್ರಿ."

ಪೂರ್ತಿ ಅಂಕ ಕೊಟ್ಟರು. ಆ ಅಂಕದ ಹಾಳೆಗೆ ಅವರು ಸಹಿ ಮಾಡಿದ್ದು ನಿಂತುಕೊಂಡೇ.