ಪುಟ್ಟಸಿದ್ದಯ್ಯನ ಕಿಟಕಿ

ರೇಷ್ಮೆ ಇಲಾಖೆಯ ಇನ್ಸ್‌ಪೆಕ್ಟರು ಹುಳದ ಕೋಣೆಯ ಬಾಗಿಲಲ್ಲೇ ನಿಂತು, ಮೂಗಿಗೆ ಕರವಸ್ತ್ರ ಒತ್ತಿಕೊಂಡು, "ಇಲ್ಲಿ ಹುಳ ಸತ್ತಿದ್ದು ಆಶ್ಚರ್ಯ ಅಲ್ಲಯ್ಯ, ನೀನು ಬದುಕಿರೋದೇ ಆಶ್ಚರ್ಯ. ಮೊದಲು ಒಂದು ಕಿಟಕಿ ಇಡು" ಎಂದು ಹೇಳಿ ಹೋದಂದಿನಿಂದ ಪುಟ್ಟಸಿದ್ದಯ್ಯನ ನಿದ್ದೆ ಹಾರಿಹೋಗಿತ್ತು.

ಯುದ್ಧದ ಕಾಲ. ಪ್ಯಾರಾಚೂಟಿಗೆ ರೇಷ್ಮೆ ಬೇಕೆಂದು ಸರ್ಕಾರವೇ ಕೈಯೊಡ್ಡಿ ನಿಂತಿತ್ತು. ಕೊಳ್ಳೇಗಾಲದಲ್ಲಿ ಹುಳ ಸಾಕಿದವರೆಲ್ಲ ಹೊಸ ಅಂಗಿ ತೊಟ್ಟು ಓಡಾಡುತ್ತಿದ್ದರು. ಪುಟ್ಟಸಿದ್ದಯ್ಯನದು ಮಾತ್ರ ಎರಡು ಬೆಳೆ ಸಾಲಾಗಿ ಕೈಕೊಟ್ಟು, ಹಣ್ಣಾಗಿ ಗೂಡು ಕಟ್ಟಬೇಕಾದ ಹುಳಗಳು ತಟ್ಟೆಯಲ್ಲೇ ಕೊಳೆತಿದ್ದವು. ಮುಂದಿನ ಶುಕ್ರವಾರ ಮೂರನೆಯ ಸಲ ಮೊಟ್ಟೆ ಬರಬೇಕು.

"ಈ ಸಲ ಕಿಟ್ಕಿ ಇಲ್ದೆ ಮೊಟ್ಟೆ ತಂದ್ರಿ ಅಂದ್ರೆ ನಾನು ಯಳಂದೂರಿಗೆ ಓಯ್ತೀನಿ" ಎಂದು ಹೆಂಡತಿ ಚನ್ನಾಜಮ್ಮ ಬೆಳಿಗ್ಗೆಯೇ ಹೇಳಿದ್ದಳು. ಯಳಂದೂರು ಆಕೆಯ ತವರು. "ಹಗಲು ರಾತ್ರಿ ಸೊಪ್ಪು ಆಕಿ, ಒಗ್ಗರಣೆ ಘಾಟು ಬಡೀಬಾರ್ದು ಅಂತ ಮೆಣಸಿನಕಾಯಿ ಮುಟ್ದೆ, ಒಗೆಸೊಪ್ಪು, ನಶ್ಯದ ನಾತ ಇದ್ದೋರ್ನ ಒಳೀಕೇ ಬುಡ್ದೆ ಸಾಕ್ದೆ. ಏನ್ ಬಂತು? ಸತ್ ಹುಳ ಗುಡ್ಸಿ ಗುಡ್ಸಿ ನನ್ ಸೊಂಟ ಬಿದ್ದೋಯ್ತು."

ಗೋಡೆಗೊಂದು ತೂತು ಕೊರೆಯುವುದು ಏನು ಮಹಾ ಕೆಲಸ ಎಂದು ಬೇರೆಯವರು ಕೇಳಬಹುದು. ಆ ಐದು ಪಾಲಿನ ತೊಟ್ಟಿಮನೆಯಲ್ಲಿ ಹುಟ್ಟಿದವರು ಕೇಳುವುದಿಲ್ಲ. ಅಲ್ಲಿ ಒಳಗಿನ ಕೋಣೆಗಳು ಅವರವರವು. ಆದರೆ ತಲೆಬಾಗಿಲು, ಬಾವಿ, ಹೊರಗೋಡೆ, ತೊಟ್ಟಿಯ ಒರಳುಕಲ್ಲು ಐದೂ ಪಾಲಿನವು. ಮನೆ ಕಟ್ಟಿದ ಐವರು ಅಣ್ಣತಮ್ಮಂದಿರೂ ಅವಕ್ಕೆ ಕೈ ಹಾಕಿದ್ದರಂತೆ. ಐವರೂ ಕೈ ಹಾಕಿದ್ದು ಐವರಿಗೂ ಸೇರಿದ್ದು, ಐವರೂ ಒಪ್ಪದೆ ಅದನ್ನು ಯಾರೂ ಕದಲಿಸುವಂತಿಲ್ಲ ಎಂಬುದು ಆ ಮನೆಯ ಕಟ್ಟಳೆ. ಒರಳುಕಲ್ಲು ದೊಡ್ಡಬಸಮ್ಮನ ಬಾಗಿಲಿಗೆ ಅಡ್ಡಲಾಗಿ ನಲವತ್ತು ವರ್ಷದಿಂದ ಕೂತಿದೆ. ಆ ವಿಧವೆ ದಿನಕ್ಕೆ ಹತ್ತು ಸಲ ಅದನ್ನು ಎಡವಿ, ಹತ್ತು ಸಲವೂ ಹಿರಿಯ ಪಾಲುದಾರ ಶಿವಮಲ್ಲಪ್ಪನನ್ನು ಬೈಯುತ್ತಾಳೆ. ಕಲ್ಲು ಮಾತ್ರ ಅಲ್ಲೇ ಇದೆ.

ಅವತ್ತು ಐದು ಪಾಲಿನವರೂ ಮನೆಯಲ್ಲಿದ್ದರು. ಕೌದಳ್ಳಿಯಲ್ಲಿ ಅಂಗಡಿ ಇಟ್ಟಿದ್ದ ಕೆಂಪನಂಜಪ್ಪ ತಿಂಗಳಿಗೊಮ್ಮೆ ಬರುವವನು, ಹಿಂದಿನ ದಿನ ಬಂದಿದ್ದ. ಮಧ್ಯಾಹ್ನದ ಬಸ್ಸಿಗೆ ಮತ್ತೆ ಹೊರಟುಬಿಡುತ್ತಾನೆ. ಅಷ್ಟರೊಳಗೆ ನಾಲ್ಕು ಬಾಯಿಂದ 'ಹೂಂ' ಎನ್ನಿಸಬೇಕು. ಪುಟ್ಟಸಿದ್ದಯ್ಯ ವಿಭೂತಿ ಹಚ್ಚಿಕೊಂಡು ಹೊರಟ.

ದೊಡ್ಡಪ್ಪ ಶಿವಮಲ್ಲಪ್ಪ ಜಗುಲಿಯ ಮೇಲೆ ನಶ್ಯದ ಡಬ್ಬಿ ತಟ್ಟುತ್ತಾ ಕೂತಿದ್ದ.

"ಕಿಟ್ಕಿಯಾ? ಇಡು, ಯಾರ್ ಬ್ಯಾಡ ಅಂದೋರು?" ಎಂದು ಒಂದು ಚಿಟಿಕೆ ಏರಿಸಿದ. "ಆದ್ರೆ ಲೇ ಪುಟ್ಟ, ಮನೇಗೆ ಹಿರೀಕ ನಾನು. ನಾಕು ಜನ ಒಪ್ಲಿ, ಆಮೇಲೆ ನನ್ತಾವ ಬಾ. ಹಿರೀಕನೇ ಮೊದ್ಲು ತಲೆ ಆಡ್ಸುದ್ರೆ ಆ ತಲೆಗೆ ಬೆಲೆ ಎಲ್ಲದೆ?"

ಪುಟ್ಟಸಿದ್ದಯ್ಯನಿಗೆ ಇದು ನ್ಯಾಯವಾಗಿಯೇ ಕಂಡಿತು. ನೇರ ದೊಡ್ಡಬಸಮ್ಮನ ಬಾಗಿಲಿಗೆ ಹೋಗಿ, ಒರಳುಕಲ್ಲಿಗೆ ಕಾಲು ತಗುಲಿಸಿಕೊಂಡು, ಕುಂಟುತ್ತಲೇ ವಿಷಯ ತಿಳಿಸಿದ.

"ಆ ನಶ್ಯದ ಮೂಗು ಒಪ್ಪುತಾ?" ಎಂದಳು ಆಕೆ.

"ನೀವೆಲ್ಲ ಒಪ್ಪುದ್ಮೇಲೆ ಒಪ್ತಾರಂತೆ ಚಿಕ್ಕವ್ವ."

"ಅಂಗಂತಾನಾ? ಒರಳ್ಕಲ್ ತಗೀವಾಗ್ಲೂ ಇಂಗೇ ಅಂದ. ನಾನು ನಂಬ್ಕಂಡು ಮೊದ್ಲು ಹೂಂ ಅಂದೆ. ಆಮೇಲೆ 'ಕಲ್ಲು ಇರ್ಲಿ ಬುಡು' ಅಂದ್ಬುಟ್ಟ! ಈ ಸಲ ಅವ್ನು ಮೊದ್ಲು ಒಪ್ಲಿ. ಅವ್ನ ಬಾಯಿಂದ ಬಂದ ತಕ್ಷಣ ನಂದೂ ಹೂಂ."

ಮೂರನೆಯ ಪಾಲಿನ ರುದ್ರಸ್ವಾಮಿಗೆ ಊರ ಮುನ್ಸೀಫ್ ಕೋರ್ಟಿನಲ್ಲಿ ಯಾವ ಕೇಸೂ ಇರಲಿಲ್ಲ. ಆದರೂ ದಿನವೂ ಹೋಗಿ ಕಂಡವರ ಕೇಸು ಕೇಳಿ ಬರುತ್ತಿದ್ದ. ಅವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಯೋಚಿಸಿದ.

"ಅಣ್ಣ, ಬಾಯ್ಮಾತು ನಿಲ್ಲಕಿಲ್ಲ. ಪತ್ರ ನಾನೇ ಬರ್ಕೊಡ್ತೀನಿ. ಆದ್ರೆ ಬರ್ದೋನೇ ಮೊದ್ಲು ರುಜು ಆಕುದ್ರೆ ಚೆಂದಾಗಿರಕಿಲ್ಲ. ಇಬ್ರು ದೊಡ್ಡೋರು ಆಕ್ಲಿ, ಮೂರ್ನೇದು ನಂದು."

ಕೆಂಪನಂಜಪ್ಪ ಬಾವಿಕಟ್ಟೆಯ ಮೇಲೆ ಕಣ್ಣಿಗೆಲ್ಲ ಸೋಪು ಮೆತ್ತಿಕೊಂಡು ಕೂತಿದ್ದ. "ಅಣ್ಣೋ, ಎಲ್ರೂ ಎಂಗೋ ನಾನೂ ಅಂಗೇ" ಎಂದು ಕೊಡ ಸುರಿದುಕೊಂಡ. ಅರ್ಧ ನೀರು ಪುಟ್ಟಸಿದ್ದಯ್ಯನ ಮೇಲೆ ಬಿತ್ತು. ವಿಭೂತಿ ಕರಗಿ ಮೂಗಿನ ತುದಿಗೆ ಬಂತು.

ಊಟದ ಹೊತ್ತಿನೊಳಗೆ ಅವನು ತೊಟ್ಟಿಯ ಸುತ್ತ ಒಂಬತ್ತು ಪ್ರದಕ್ಷಿಣೆ ಹಾಕಿದ. ಬೇಡ ಎಂದವರು ಒಬ್ಬರೂ ಇಲ್ಲ, ಬೇಕು ಎಂದವರೂ ಇಲ್ಲ. ಒರಳುಕಲ್ಲು ಇನ್ನೂ ಮೂರು ಸಲ ಕಾಲಿಗೆ ತಗುಲಿತು. ಸುಸ್ತಾಗಿ ಕಂಬಕ್ಕೊರಗಿ ಕೂತಾಗ ಗೋಡೆಯಾಚೆಯಿಂದ ಗರಗರ ಸದ್ದು ಕೇಳಿಸಿತು. ಪೆಟ್ರೋಲಿಲ್ಲದ ಆ ದಿನಗಳಲ್ಲಿ ಬಸ್ಸು ಓಡುತ್ತಿದ್ದುದು ಇದ್ದಲಿನ ಮೇಲೆ. ಕ್ಲೀನರು ಹಿಡಿ ತಿರುಗಿಸಿ ಬೆಂಕಿ ಎಬ್ಬಿಸತೊಡಗಿದನೆಂದರೆ ಇನ್ನು ಅರ್ಧ ಗಂಟೆಯಲ್ಲಿ ಬಸ್ಸು ಕೌದಳ್ಳಿಗೆಂದು ಹನೂರಿನ ದಾರಿ ಹಿಡಿಯುತ್ತದೆ. ಇತ್ತ ಚನ್ನಾಜಮ್ಮ ಎರಡು ಸೀರೆ ಮಡಿಸಿ ಗಂಟು ಕಟ್ಟುತ್ತಿದ್ದಳು.

ಆ ಗಂಟು ನೋಡುತ್ತಲೇ ಪುಟ್ಟಸಿದ್ದಯ್ಯನಿಗೆ ಬುದ್ಧಿ ಹೊಳೆಯಿತು. ಜನ್ಮದಲ್ಲಿ ಒಂದೇ ಸಲ ಹೊಳೆದದ್ದು, ಪಾಪ. ಮೂಲೆಯಲ್ಲಿದ್ದ ಹಾರೆ ಎತ್ತಿಕೊಂಡು ತೊಟ್ಟಿಯ ಮಧ್ಯೆ ನಿಂತು ಕೂಗಿದ.

"ಎಲ್ರೂ ಕೇಳ್ರಪ್ಪಾ! ಯಾರೂ ಮೊದ್ಲಲ್ಲ, ಯಾರೂ ಕೊನೆಯಲ್ಲ! ಐದು ಜನಾನೂ ಒಂದೇ ಸಲ ಈ ಹಾರೆ ಹಿಡ್ಕಂಡು ಗೋಡೆಗೆ ಒಂದೇಟು ಆಕುವ. ಆಮೇಲೆ ನಾನು ಒಪ್ಲಿಲ್ಲ, ನನ್ನ ಕೇಳ್ಲಿಲ್ಲ ಅನ್ನೋ ಮಾತೇ ಇಲ್ಲ!"

ಅಂಥ ಮಾತು ಅಲ್ಲಿ ಯಾರೂ ಆಡಿದ್ದಿಲ್ಲ. ಶಿವಮಲ್ಲಪ್ಪನ ಹಿರಿತನಕ್ಕೆ ಕುಂದಿಲ್ಲ, ದೊಡ್ಡಬಸಮ್ಮನಿಗೆ ಮೋಸವಿಲ್ಲ.

"ಪಾಯಿಂಟ್ ಅದೆ ಕಣಣ್ಣ" ಎಂದ ರುದ್ರಸ್ವಾಮಿ.

ಚನ್ನಾಜಮ್ಮ ಬಿದಿರಿನ ತಟ್ಟೆಗಳನ್ನೆಲ್ಲ ಹೊರಗೆ ಸಾಗಿಸಿದಳು. ಐವರೂ ಆ ಇಕ್ಕಟ್ಟು ಕೋಣೆಗೆ ನುಗ್ಗಿದರು. ಇದ್ದುದು ಒಂದೇ ಹಾರೆ, ಹಿಡಿಯುವ ಕೈ ಹತ್ತು. ಒರಳುಕಲ್ಲಿನ ಜಗಳವಾಗಿ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದ ಶಿವಮಲ್ಲಪ್ಪ, ದೊಡ್ಡಬಸಮ್ಮ ಪಕ್ಕಪಕ್ಕ ನಿಲ್ಲಲೊಲ್ಲರು. ಅವರ ನಡುವೆ ಪುಟ್ಟಸಿದ್ದಯ್ಯ ಸಿಕ್ಕಿಕೊಂಡು ಅರೆದ ಚಟ್ನಿಯಂತಾದ. ಮೊದಲನೆಯ ಏಟಿಗೆ ಎಲ್ಲರೂ ಬೇರೆ ಬೇರೆ ಕಡೆ ಎಳೆದರು. ಹಾರೆ ರುದ್ರಸ್ವಾಮಿಯ ಕಾಲ ಬಳಿ ನೆಲಕ್ಕೆ ನಾಟಿತು. ಎರಡನೆಯದಕ್ಕೆ ಬರೀ ಸುಣ್ಣ ಉದುರಿತು. ಆ ಧೂಳು ನಶ್ಯದ ಜೊತೆ ಸೇರಿ ಶಿವಮಲ್ಲಪ್ಪನಿಗೆ ಸೀನು ಹತ್ತಿತು. ಮೂರನೆಯ ಏಟು ಬೀಳುವುದಕ್ಕೂ ಅವನು ಮನೆ ನಡುಗುವ ಹಾಗೆ ಸೀನುವುದಕ್ಕೂ ಸರಿಹೋಯಿತು.

ಹಳೇ ಮಣ್ಣಿನ ಗೋಡೆ. ಒಂದು ಮೊಳದ ಕಿಟಕಿ ಬೇಕಿತ್ತು, ಗಾಡಿಯ ಚಕ್ರ ಹಿಡಿಸುವಷ್ಟು ದೊಡ್ಡ ಕಿಂಡಿ ಬಿತ್ತು.

ಬೆಳಕು ಸುರಿಯಿತು. ಗಾಳಿ ಬೀಸಿತು. ಎದುರಿಗೇ ಬಸ್ಸು! ತಲೆಬಾಗಿಲು ಇನ್ನೊಂದು ಬದಿಗಿದ್ದುದರಿಂದ ನಲವತ್ತು ವರ್ಷ ಗೋಡೆಯಾಚೆ ಬರೀ ಸದ್ದು ಕೇಳಿದ್ದವರು, ಬೀದಿ ಅಷ್ಟು ಹತ್ತಿರವಿದೆಯೆಂದು ಆಗ ಕಂಡರು. ಬಸ್ಸು ಹೊಗೆ ಉಗುಳಿ ಕದಲಿತು.

"ಅಯ್ಯೋ, ನನ್ ಬಸ್ಸು!" ಎಂದು ಕೆಂಪನಂಜಪ್ಪ ಹಾರೆ ಬಿಟ್ಟು, ಚೀಲವನ್ನು ಕಿಂಡಿಯಿಂದಾಚೆ ಎಸೆದು, ತಾನೂ ಹಾರಿ ಓಡಿದ. ಉಳಿದವರು ಕಿಂಡಿಗೆ ಮುಖ ಕೊಟ್ಟು "ನಿಲ್ಸೋ! ನಿಲ್ಸೋ!" ಎಂದು ಒಟ್ಟಿಗೆ ಅರಚಿದರು. ಬಸ್ಸು ನಿಂತಿತು. ಮೆಟ್ಟಿಲ ಮೇಲಿಂದ ಅವನು ಕೈಬೀಸಿದ. "ಬೋ ಒಳ್ಳೆ ಕಿಟ್ಕಿ ಕಣಣ್ಣೋ! ಮುಂದಿನ್ ತಿಂಗ್ಳು ಬತ್ತೀನಿ!"

ಪುಟ್ಟಸಿದ್ದಯ್ಯನ ಕಣ್ಣಲ್ಲಿ ನೀರು ಬಂತು. ಹೆಂಡತಿಯ ಕಡೆ ತಿರುಗಿ, ಗಂಟು ಬಿಚ್ಚು ಎಂಬಂತೆ ಗೆದ್ದ ನಗೆ ನಕ್ಕ. ಚನ್ನಾಜಮ್ಮನೂ ನಕ್ಕಳು. ಗಂಟನ್ನು ಬಿಚ್ಚಿಯೂ ಬಿಟ್ಟಳು.

ಅಷ್ಟರಲ್ಲಿ ಶಿವಮಲ್ಲಪ್ಪ ತನ್ನ ಮಣೆ ತಂದು ಕಿಂಡಿಯ ಮುಂದೆ ಹಾಕಿಕೊಂಡು ಕೂತ. "ಜಗುಲಿಗಿಂತ ಗಾಳಿ ಇಲ್ಲೇ ವಾಸಿ ಕಣ್ಲಾ" ಎಂದು ಡಬ್ಬಿ ತೆಗೆದು, ಒಂದು ಚಿಟಿಕೆ ಏರಿಸಿ, ನಶ್ಯ ಹತ್ತಿದ ಕೈಯನ್ನು ಗೋಡೆಗೆ ಒರೆಸಿದ.

"ದೊಡ್ಡಪ್ಪಾ, ಇದು ಹುಳದ ಕೋಣೆ! ನಶ್ಯದ ನಾತ..."

"ಕೋಣೆ ನಿಂದು, ಕಿಟ್ಕಿ ಎಲ್ಲಾರ್ದು" ಎಂದಿತು ಹಿಂದಿನಿಂದ ಒಂದು ದನಿ. ದೊಡ್ಡಬಸಮ್ಮ ಮೊರದ ತುಂಬ ಕೆಂಪು ಮೆಣಸಿನಕಾಯಿ ತಂದು ಮುರಿದ ಗೋಡೆಯ ಮೇಲೆ ಹರವುತ್ತಿದ್ದಳು. "ನನ್ ಬಾಗ್ಲಲ್ಲಿ ಒಣಗಾಕೋಕೆ ಜಾಗ ಎಲ್ಲದೆ? ಆ ಕಲ್ಲು ಬುಟ್ರೆ ತಾನೆ."

ಪುಟ್ಟಸಿದ್ದಯ್ಯ ರುದ್ರಸ್ವಾಮಿಯ ಮುಖ ನೋಡಿದ. ರುದ್ರಸ್ವಾಮಿ ಆಗಲೇ ಪೆನ್ಸಿಲಿನಿಂದ ಬರೆಯುತ್ತಿದ್ದ.

"ಕಟ್ಟಳೆ ಕಟ್ಟಳೆನೇ ಅಣ್ಣ. ಒಬ್ನೇ ಒಡ್ದಿದ್ರೆ ನಿಂದೇ ಆಯ್ತಿತ್ತು, ನಾವು ನಾಕು ದಿನ ಕೂಗಾಡಿ ಸುಮ್ಕಾಯ್ತಿದ್ವಿ. ನೀನೇ ಕರ್ದು ಐದು ಜನದ ಕೈನೂ ಆಕುಸ್ದೆ. ಸೋಮ್ವಾರ ದೊಡ್ಡಪ್ಪಂದು, ಮಂಗಳ್ವಾರ ಚಿಕ್ಕವ್ವಂದು, ಬುಧ್ವಾರ ನಂದು, ಗುರುವಾರ ನಂಜಪ್ಪಂದು. ಅವ್ನು ಇಲ್ದಿದ್ರೆ ಖಾಲಿ ಬುಡ್ಬೇಕು, ಪಾಲು ಪಾಲೇ. ಶುಕ್ರವಾರ ಪೂರ್ತಿ ನಿಂದು. ಶನ್ವಾರ, ಭಾನ್ವಾರ ಎಲ್ರೂ ಕೂತ್ಕಳೋದು."

ಶುಕ್ರವಾರ ಮೊಟ್ಟೆ ಬರುವ ದಿನ. ಹುಳಕ್ಕೆ ವಾರದಲ್ಲಿ ಒಂದೇ ದಿನ ಉಸಿರಾಡಿ ಅಭ್ಯಾಸವಿಲ್ಲ. ಪುಟ್ಟಸಿದ್ದಯ್ಯ ತಲೆಗೆ ಕೈಕೊಟ್ಟ.

"ಹಾಳಾಗೋಗ್ಲಿ, ಮುಚ್ಬುಡುವ! ಈಗ್ಲೇ ಮಣ್ಣು ಕಲಸ್ತೀನಿ!"

"ಮುಚ್ಚೋಕೂ ಐದು ಜನ ಒಪ್ಬೇಕಲ್ಲಣ್ಣ" ಎಂದ ರುದ್ರಸ್ವಾಮಿ, ಬಸ್ಸು ಎಬ್ಬಿಸಿಹೋದ ಧೂಳಿನ ಕಡೆ ಪೆನ್ಸಿಲ್ ತೋರಿಸುತ್ತಾ. "ಒಬ್ಬ ಅಲ್ಲಿ ಓಯ್ತಾವ್ನೆ."

"ಮುಚ್ಚು, ಯಾರ್ ಬ್ಯಾಡ ಅಂದೋರು?" ಎಂದ ಶಿವಮಲ್ಲಪ್ಪ ಬೀದಿ ನೋಡುತ್ತಲೇ. "ನಾಕು ಜನ ಒಪ್ಲಿ, ಆಮೇಲೆ ನನ್ತಾವ ಬಾ."

"ಅವ್ನು ಮೊದ್ಲು ಒಪ್ಲಿ" ಎಂದಳು ದೊಡ್ಡಬಸಮ್ಮ.

ಮೆಣಸಿನಕಾಯಿಯ ಘಾಟಿಗೆ ಚನ್ನಾಜಮ್ಮ ಎರಡು ಸಲ ಸೀನಿದಳು. ಬಿಚ್ಚಿದ್ದ ಗಂಟನ್ನು ಮತ್ತೆ ಬಿಗಿಯಾಗಿ ಕಟ್ಟಿದಳು. ಗಂಡನ ಕಡೆ ನೋಡಲೂ ಇಲ್ಲ.

"ಮಾವ, ಯಳಂದೂರಿನ್ ಬಸ್ಸು ಎಷ್ಟೊತ್ಗೆ?"

ಶಿವಮಲ್ಲಪ್ಪ ಕಿಟಕಿಯಾಚೆ ಕತ್ತು ಚಾಚಿ ನೋಡಿದ. ಅವನ ಮುಖ ಅರಳಿತು.

"ಇಗಾ, ಬಂದೇಬುಡ್ತು ಕಣವ್ವ. ಬೀದಿ ಸುತ್ಕಂಡು ಯಾಕೋಯ್ತಿಯೆ? ಇಲ್ಲೇ ಇಳ್ಕಂಡು ಓಗು."