ಅತ್ತೆ ಹೇಳಿ ಕಳಿಸಿದ ಮಾತು

ನಮ್ಮ ಸೋದರತ್ತೆ ಸತ್ತವರ ಮನೆಗೆ ಹೊರಡುವುದನ್ನು ನೋಡಿದರೆ ಬೀಗರ ಮನೆಗೆ ಹೊರಟಿದ್ದಾಳೆಂದೇ ಯಾರಾದರೂ ತಿಳಿಯಬೇಕು! ಮಡಚಿಟ್ಟಿದ್ದ ಇಳಕಲ್ ಸೀರೆ, ಹೆಗಲಿಗೊಂದು ಶಾಲು, ಒಂದು ಕೈಯಲ್ಲಿ ಚಹಾದ ಥರ್ಮಾಸು, ಇನ್ನೊಂದು ಕೈಯಲ್ಲಿ ಎಲೆ ಅಡಿಕೆಯ ಚೀಲ. ಸಂಜೆ ಹೊತ್ತು ಕೇಶ್ವಾಪುರದ ನಮ್ಮ ಓಣಿಯಲ್ಲಿ ಅವಳು ಈ ವೇಷದಲ್ಲಿ ಕಂಡರೆ ಸಾಕು, ಕಟ್ಟೆಯ ಮೇಲೆ ಕೂತವರು "ಯಾರ ಹೋದ್ರರಿ, ಅಕ್ಕಾರ?" ಎಂದು ಕೇಳುತ್ತಿದ್ದರು. ಅತ್ತೆ ನಿಲ್ಲದೆಯೇ ಉತ್ತರ ಕೊಡುತ್ತಿದ್ದಳು. ತಡವಾದರೆ ಹೆಣದ ಮುಂದಿನ ಜಾಗ ಸಿಗುತ್ತದೆಯೇ!

ನಮ್ಮವರಲ್ಲಿ ಹೊತ್ತು ಮುಳುಗಿದ ಮೇಲೆ ಮಣ್ಣು ಮಾಡುವುದಿಲ್ಲ. ಸಂಜೆ ಯಾರಾದರೂ ತೀರಿಕೊಂಡರೆ ಹಣೆಗೆ ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸಿ, ಬೆಳಗಿನವರೆಗೂ ಭಜನೆ ಮಾಡುತ್ತ ಅವರ ಮುಂದೆ ಕೂತಿರಬೇಕು. ಹೇಳುವುದು ಸುಲಭ. ನಡುರಾತ್ರಿ ದಾಟಿತೆಂದರೆ ತಾಳ ಒಂದು ಕಡೆ, ಪದ ಒಂದು ಕಡೆ. ಭಜನೆಯವರು ಒಬ್ಬರ ಹೆಗಲಿಗೆ ಒಬ್ಬರು ಒರಗಿ ಗೊರಕೆ ಹೊಡೆಯುತ್ತಾರೆ. ಆಗ ಎಚ್ಚರವಾಗಿರುತ್ತಿದ್ದವಳು ನಮ್ಮ ಅತ್ತೆ ಒಬ್ಬಳೇ. ಮೆಲ್ಲಗೆ ಮುಂದೆ ಸರಿದು ಸತ್ತವರ ಕಿವಿಯ ಹತ್ತಿರ ಬಾಯಿ ಒಯ್ದು ತನ್ನ ಗಂಡನಿಗೆ ಸುದ್ದಿ ಹೇಳಿ ಕಳಿಸುತ್ತಿದ್ದಳು.

ಹೌದು, ಗಂಡನಿಗೆ! ನಮ್ಮ ಮಾವ ಅರಳೆ ವ್ಯಾಪಾರದವರು. ಖರೀದಿಗೆಂದು ಗುಜರಾತಿನ ಕಡೆಗೆ ಹೋದವರು ಅಲ್ಲಿಯೇ ಎದೆ ಹಿಡಿದುಕೊಂಡು ಕುಸಿದರು. ತೊಂಬತ್ತರ ದಶಕದ ಮೊದಲ ವರ್ಷಗಳು; ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಸುದ್ದಿ ಮುಟ್ಟುವುದರೊಳಗೆ ಅಲ್ಲಿಯ ಪುಣ್ಯಾತ್ಮರು ಯಾರೋ ಅವರ ಮಣ್ಣು ಮುಗಿಸಿಬಿಟ್ಟಿದ್ದರು. ಗಂಡನ ಮುಂದೆ ಒಂದು ರಾತ್ರಿ ಕೂಡುವುದು ಅತ್ತೆಗೆ ಸಿಗಲಿಲ್ಲ. ಆ ರಾತ್ರಿ ಆಡಬೇಕಾಗಿದ್ದ ಮಾತನ್ನೆಲ್ಲ ಅವಳು ಊರ ಹೆಣಗಳ ಕೈಯಲ್ಲಿ ಇಷ್ಟಿಷ್ಟಾಗಿ ಕಳಿಸತೊಡಗಿದಳು.

ಎಂಥ ಮಾತುಗಳು ಅಂತೀರಿ! "ಹಿತ್ತಲದಾಗ ಮಲ್ಲಿಗಿ ಭಾಳ ಬಿಟ್ಟೈತಿ ಅಂತ ಹೇಳ್ರಿ." "ಅವರ ಕರೇ ಕೋಟು ಯಾರಿಗೂ ಕೊಟ್ಟಿಲ್ಲ, ಬಿಸಲಿಗೆ ಹಾಕಿ ತಗದಿಡ್ತೇನಿ ಅಂತ ಹೇಳ್ರಿ." ಒಮ್ಮೆ ಮಠದ ಅಜ್ಜಾರು ಇದನ್ನು ಕೇಳಿಸಿಕೊಂಡು ಗದರಿದರು: "ಏನವಾ ಇದು? ಲಿಂಗದಾಗ ಒಂದಾದವರಿಗೆ ಮಲ್ಲಿಗಿ ಸುದ್ದಿ ಯಾಕ?"

ಅತ್ತೆ ಕೈಮುಗಿದು ಹೇಳಿದಳು: "ಒಂದಾಗಲ್ರಿ ಅಜ್ಜಾರ, ನಾ ಎಲ್ಲಿ ಬ್ಯಾಡ ಅಂದೇನಿ? ಹಾದ್ಯಾಗ ಸಿಕ್ಕರ ಹೇಳ್ರಿ ಅಂದೇನಿ, ಅಷ್ಟ."

ಒಮ್ಮೆ ಒಬ್ಬ ಕಾಳಿನ ವ್ಯಾಪಾರಿ ತೀರಿಕೊಂಡರು. ಬದುಕಿದ್ದಾಗ ಅವರಿಗೆ ಕಿವಿ ಮಂದ. ಸತ್ತ ಮೇಲೆ ಸುಧಾರಿಸುತ್ತದೆಯೇ? ಅತ್ತೆಗೆ ಆ ಭರವಸೆ ಇರಲಿಲ್ಲ. ಎಲ್ಲರೂ ತೂಕಡಿಸುತ್ತಿದ್ದ ಹೊತ್ತು, ಅವರ ಕಿವಿಗೆ ಬಾಯಿಟ್ಟು "ನಮ್ಮ ಮನಿಯವರಿಗೆ ಹೇಳ್ರೀ! ನುಗ್ಗಿ ಗಿಡಾ ಬಿತ್ತೂ!" ಎಂದು ಕೂಗಿದಳು. ಹೆಣದ ಮಗ್ಗುಲಿಗೇ, ಹಾರ್ಮೋನಿಯಂ ಬಾರಿಸುವಾತ ಮುಸುಕು ಹೊದ್ದು ಮಲಗಿದ್ದು ಯಾರಿಗೂ ಗೊತ್ತಿರಲಿಲ್ಲ. ಅವನು ನಿದ್ದೆಗಣ್ಣಿನಲ್ಲಿ ಗಡಸು ದನಿಯಿಂದ "ಹೂಂ, ಹೇಳತೇನಿ" ಎಂದುಬಿಟ್ಟ.

ಕೂಗಿಗೆ ಎಚ್ಚರಾದ ಹೆಂಗಸರು ಚೀರಿಕೊಂಡು ಅಂಗಳಕ್ಕೆ ಹಾರಿದರು. ತಬಲಾ ಒಂದು ಕಡೆ ಉರುಳಿತು. ಸತ್ತವರ ಸ್ವಂತ ಅಳಿಯನೇ ಓಣಿಯ ತಿರುವಿನವರೆಗೆ ಓಡಿದ್ದನಂತೆ! ಕೂತಲ್ಲಿಂದ ಕದಲದವಳು ಅತ್ತೆ ಮಾತ್ರ. ಸೆರಗು ಸರಿಮಾಡಿಕೊಂಡು, ಸತ್ತ ವ್ಯಾಪಾರಿಯತ್ತ ನೋಡಿ, "ಮರೀಬ್ಯಾಡ್ರಿ ಮತ್ತ" ಎಂದಳು.

ಎಲ್ಲರ ಕೈಯಲ್ಲೂ ಅವಳು ಸುದ್ದಿ ಕಳಿಸುತ್ತಿರಲಿಲ್ಲ. ಹಿಂದಿನ ಓಣಿಯ ಒಬ್ಬಾಕೆ ಹೋದಾಗ ರಾತ್ರಿಯಿಡೀ ಮುಂದೆ ಕೂತು, ಒಂದು ಮಾತನ್ನೂ ಆಡದೆ ಎದ್ದು ಬಂದಳು. ಯಾಕೆಂದು ಕೇಳಿದರೆ, "ಆಕಿ ಒಂದಕ್ಕ ನಾಕು ಸೇರಿಸಿ ಹೇಳಾಕಿ. ಅಲ್ಲಿ ಹೋಗಿ ನಮ್ಮಿಬ್ಬರಿಗೂ ಜಗಳಾ ಹಚ್ಚಿದ್ರ?" ಎಂದಳು. ಹೀಗೆ ರಾತ್ರಿ ದಂಡವಾಗಬಾರದೆಂದು, ಸುದ್ದಿ ಒಯ್ಯಲು ತಕ್ಕವರೋ ಅಲ್ಲವೋ ಎಂದು ತಿಳಿಯಲು, ಆಮೇಲೆ ಕಾಯಿಲೆ ಬಿದ್ದವರನ್ನು ಮೊದಲೇ ಹೋಗಿ ನೋಡಿಬರತೊಡಗಿದಳು. ಹಾಸಿಗೆ ಹಿಡಿದಿದ್ದ ನಿವೃತ್ತ ಮಾಸ್ತರರೊಬ್ಬರು ಬಾಗಿಲಲ್ಲಿ ಇವಳ ಥರ್ಮಾಸು ಕಂಡದ್ದೇ ಎದ್ದು ಕೂತು, "ನಂದಿನ್ನೂ ಟೈಮ್ ಐತಿ, ನೀವು ಹೋಗ್ರಿ!" ಎಂದರು. ಅವತ್ತು ಕೂತವರು ಆಮೇಲೆ ಮಲಗಲೇ ಇಲ್ಲ. ಮುಂದೆ ಎಷ್ಟೋ ವರ್ಷ ಗಟ್ಟಿಮುಟ್ಟಾಗಿ ತಿರುಗಾಡಿಕೊಂಡಿದ್ದರು. ಅವರ ಸೊಸೆ ನಮ್ಮ ಅತ್ತೆಗೆ ಮನೆತನಕ ಬಂದು ಕುಪ್ಪಸದ ಬಟ್ಟೆ ಕೊಟ್ಟು ಹೋದಳು!

ಈ ವಿಷಯದಲ್ಲಿ ಅವಳನ್ನು ಎಲ್ಲರಿಗಿಂತ ಹೆಚ್ಚು ಕಾಡಿಸಿದವರು ನಮ್ಮ ಅಪ್ಪ. ಅವಳಿಗೆ ಒಬ್ಬನೇ ತಮ್ಮ. ಗಂಡ ಹೋದ ಮೇಲೆ ಅತ್ತೆ ನಮ್ಮ ಮನೆಯ ಬಗಲಿನ ಮನೆಯಲ್ಲೇ ಇದ್ದಳು. "ಅಕ್ಕಾ, ಇಷ್ಟು ಮಂದಿ ಕೈಯಾಗ ಹೇಳಿ ಕಳಿಸಿದಿ. ಮಾಮಾ ಒಂದಕ್ಕರ ಉತ್ತರಾ ಕೊಟ್ಟಾರೇನು?" ಎಂದು ಅಪ್ಪ ಕೇಳಿದರೆ, ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಹೇಳುತ್ತಿದ್ದಳು: "ಇದ್ದಾಗರೆ ಎಲ್ಲಿ ಉತ್ತರಾ ಕೊಡತಿದ್ರು!"

ಅಪ್ಪ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು. ಅತ್ತೆಯೂ ನಗುತ್ತಿದ್ದಳು. ನಕ್ಕಾದ ಮೇಲೆ ಮಾತ್ರ, ಬಡಿದ ರೊಟ್ಟಿಯನ್ನು ಹಂಚಿಗೆ ಹಾಕದೆ ಸ್ವಲ್ಪ ಹೊತ್ತು ಹಿತ್ತಲ ಕಡೆ ನೋಡುತ್ತ ಕೂತುಬಿಡುತ್ತಿದ್ದಳು.

ಎಷ್ಟೋ ವರ್ಷ ಕಳೆದವು. ಓಣಿಯ ಎಲ್ಲರ ಕೈಗೂ ಮೊಬೈಲ್ ಬಂದ ಕಾಲಕ್ಕೆ ಅಪ್ಪನ ಆರೋಗ್ಯ ಕೆಟ್ಟಿತು. ಸತ್ತೂರಿನ ದವಾಖಾನೆಗೆ ಸೇರಿಸಿದೆವು. ಅತ್ತೆ ತಮ್ಮನ ಮಂಚದ ಪಕ್ಕ ಬಿಟ್ಟು ಏಳಲಿಲ್ಲ. ಗಂಜಿ ಕುಡಿಸುವವಳೂ ಅವಳೇ, ಕಾಲು ಒತ್ತುವವಳೂ ಅವಳೇ. ಒಂದು ಮಧ್ಯಾಹ್ನ ಡಾಕ್ಟರು ನಮ್ಮನ್ನು ಹೊರಗೆ ಕರೆದು, ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಮೆಲ್ಲಗೆ ಹೇಳಿದರು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಳು. ಅಳಲಿಲ್ಲ. ಸಂಜೆ ನೋಡಿದರೆ ಶಾಲು ಹೊದ್ದು ಹೊರಟು ನಿಂತಿದ್ದಾಳೆ!

"ಎಲ್ಲಿಗೆ, ಅತ್ತಿ?"

"ಬೈರಿದೇವರಕೊಪ್ಪಕ್ಕ. ಬಾಜೂ ಮಂಚದವರ ಸಂಬಂಧಿಕರೊಬ್ಬರು ಹೋಗ್ಯಾರಂತ. ರಾತ್ರಿ ಕುಂಡ್ರಾಕ ಹೊಂಟೇನಿ. ಬಸ್ಸಿಗೆ ಹತ್ತಿಸು ಬಾ."

ನನಗೆ ಮೈ ಉರಿಯಿತು. ಸತ್ತವರು ಯಾರೋ, ಏನೋ. ಇಲ್ಲಿ ಒಡಹುಟ್ಟಿದವನು ಹೀಗೆ ಮಲಗಿದ್ದಾನೆ! "ಇವತ್ತೊಂದಿನರ ಬಿಡು, ಅತ್ತಿ!" ಎಂದೆ.

"ಇವತ್ತ ಹೋಗಬೇಕು. ಬಾ, ಲಗೂ ಹತ್ತಿಸು" ಎಂದಳು. ಅವಳ ದನಿಯಲ್ಲಿ ಅಂಥ ಅವಸರವನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಬಸ್ಸಿಗೆ ಹತ್ತಿಸಿದೆ. ಮರುದಿನ ಬೆಳಗಾಗುತ್ತಲೇ ತಿರುಗಿ ಬಂದು, ಏನೂ ಆಗಿಲ್ಲವೆಂಬಂತೆ ಅಪ್ಪನಿಗೆ ಮುಖ ತೊಳೆಸಿದಳು.

ಆ ವಾರವೇ ಅಪ್ಪ ಹೋದರು. ಸಂಜೆ ಮನೆಗೆ ತಂದು, ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡಿಸಿದೆವು. ಅತ್ತೆ ಪಕ್ಕದಲ್ಲಿ ಕೂತು ತಮ್ಮನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಇಡೀ ಓಣಿ ಬಂದು ಕೂತಿತ್ತು. ಭಜನೆಯವರು ಅವತ್ತು ತೂಕಡಿಸಲಿಲ್ಲ. ತಮ್ಮನ ಕೈಯಲ್ಲಿ ಅತ್ತೆ ಏನು ಹೇಳಿ ಕಳಿಸುತ್ತಾಳೋ ಎಂದು ಎಲ್ಲರೂ ಕಾದಿದ್ದರು. ಅವಳು ಬಾಗಲೇ ಇಲ್ಲ. ಬಾಯಿ ತೆರೆಯಲೂ ಇಲ್ಲ.

ಮೂಡಲು ಬೆಳ್ಳಗಾಗುವ ಹೊತ್ತಿಗೆ ನಾನೇ ಹತ್ತಿರ ಹೋಗಿ ಕೇಳಿದೆ: "ಅತ್ತಿ, ಮಾಮಾಗ ಏನೂ ಹೇಳಿ ಕಳಿಸೂದಿಲ್ಲೇನು?"

"ಆವತ್ತ ಕಳಿಸೇನಲ್ಲೋ, ಬೈರಿದೇವರಕೊಪ್ಪದವರ ಕೈಯಾಗ."

"ಏನಂತ?"

ಅತ್ತೆ ಅಪ್ಪನ ಹಣೆಯ ವಿಭೂತಿ ಸರಿಮಾಡಿದಳು.

"ನನ್ನ ತಮ್ಮ ಬರಾಕತ್ತಾನ. ಸಣ್ಣಾಂವ ಇದ್ದಾಗಿಂದ ಕತ್ತಲಂದ್ರ ಅಂಜತಾನ. ರಾತ್ರಿ ಹಿತ್ತಲಕ್ಕ ಹೋಗಬೇಕಂದ್ರೂ ನನ್ನ ಕೈ ಹಿಡೀತಿದ್ದ. ನೀವು ಸ್ವಲ್ಪ ಮುಂದ ಬಂದು ನಿಂದರ್ರಿ, ಕೈ ಹಿಡದು ಕರಕೊಂಡು ಹೋಗ್ರಿ ಅಂತ."

ಬಾಗಿಲ ಹತ್ತಿರ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅತ್ತೆ ಅಪ್ಪನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಬರತಾರ" ಎಂದಳು. "ಅಲ್ಲಿ ತನಕ ನಾ ಹಿಡದಿರತೇನಿ."