ಫ್ರೀಜರಿಗೆ ಹೋದ ಕೆಂಪು ಬಾಳೆಹಣ್ಣು

ನಮ್ಮ ಸೋದರತ್ತೆಯ ಮನೆಯಲ್ಲಿ ಊಟ ಮಾಡಲು ತಾಳ್ಮೆಯಷ್ಟೇ ಅಲ್ಲ, ಗಟ್ಟಿ ಹಲ್ಲುಗಳೂ ಬೇಕು. ವರ್ಷದಿಂದೀಚೆಗೆ ಅವರು ಸಿಕ್ಕಿದ್ದನ್ನೆಲ್ಲ ಫ್ರೀಜರಿಗೆ ತುರುಕುತ್ತಾರೆ. ಕಲಬುರಗಿಯ ಬಿಸಿಲಿಗೆ ಮನುಷ್ಯ ತಂಪು ಬಯಸುವುದು ಸಹಜ, ಒಪ್ಪೋಣ. ಆದರೆ ಸೌತೆಕಾಯಿ ಏನು ತಪ್ಪು ಮಾಡಿತ್ತು? ಒಳಗಿನ ನೀರೆಲ್ಲ ಮಂಜಾಗಿ, ಮೈ ಬಿರಿದು, ಹೊರಗೆ ತೆಗೆದರೆ ಒದ್ದೆ ಕರವಸ್ತ್ರದಂತೆ ಜೋತುಬೀಳುತ್ತದೆ. ಮೊಸರು ಒಡೆದು ಕಾಳುಕಾಳು. ಆಲೂಗಡ್ಡೆಯ ಪಾಡಂತೂ ಕೇಳಬೇಡಿ.

“ಅತ್ತಿ, ಇದು ಪಲ್ಯಾನೋ, ಭಾಂಡಿ ತಿಕ್ಕೋ ಸ್ಪಂಜೋ?”

“ತಂಪದ ಇಲ್ಲ? ಸುಮ್ ತಿನ್ನು.”

ನೀವಾದರೂ ಹೇಳಬಾರದೇ ಎಂದು ಮಾವನವರನ್ನು ಕೇಳಿದೆ. “ಹೇಳಿದ್ರ ನನ್ನೂ ಒಳಗ ಇಡ್ತಾಳಪ್ಪ” ಎಂದು ಪಿಸುಗುಟ್ಟಿದರು.

ಹೋದ ತಿಂಗಳು ಕಮಲಾಪುರಕ್ಕೆ ಹೋಗಿದ್ದೆ. ಅಲ್ಲಿನ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪನ್ನು, ತುಂಬಿದ ಬಸ್ಸಿನಲ್ಲಿ ಯಾರ ಮೊಣಕೈಯೂ ತಾಗದಂತೆ ಕೂಸಿನ ಹಾಗೆ ಎದೆಗವಚಿಕೊಂಡು ತಂದು, ಕಲಬುರಗಿಯ ಗಾಜಿಪುರ ಬಡಾವಣೆಯ ಅವರ ಮನೆಗೆ ಮುಟ್ಟಿಸಿದೆ. ಎರಡು ದಿನ ಬಿಟ್ಟು ಹೋದರೆ ತಟ್ಟೆಯಲ್ಲಿ ಡಾಂಬರಿನಂತೆ ಕಪ್ಪಾದ ಏನೋ ಒಂದು ಮಲಗಿತ್ತು. ಸಿಪ್ಪೆ ಬಿಚ್ಚಿದೆ. ಗಂಜಿ ಸುರಿಯಿತು. ನನ್ನ ಸಹನೆಯೂ ಅದರ ಜೊತೆಗೇ ಸುರಿದುಹೋಯಿತು.

“ಅತ್ತಿ, ರುಚಿ ಪೂರಾ ಹಾಳಾಗ್ಯದ. ನಿಮಗ ತಿಳಿಯೂದೇ ಇಲ್ಲೇನ್ರಿ?”

“ಇಲ್ಲಪ್ಪ” ಎಂದರು ಅತ್ತೆ. “ತಿಳಿಯೂದಿಲ್ಲ.”

ಮಾವ ಹೊರಗಿನ ಕಟ್ಟೆಯ ಮೇಲಿರುವುದನ್ನು ಖಾತ್ರಿ ಮಾಡಿಕೊಂಡು ಅತ್ತೆ ದನಿ ತಗ್ಗಿಸಿದರು. “ಹ್ವಾದ ವರ್ಷ ಜ್ವರ ಬಂದಾಗಿಂದ ಬಾಯಿಗಿ ಏನೂ ಹತ್ತವಲ್ದು. ಸಿಹಿ ಇಲ್ಲ, ಖಾರ ಇಲ್ಲ. ತಂಪಿದ್ರ ಅಷ್ಟೇ, ಏನೋ ತಿನ್ನಾಕತ್ತೀನಿ ಅಂತ ಗೊತ್ತಾಗ್ತದ.”

“ಮತ್ತ ಅಡಗಿಗಿ ಉಪ್ಪು ಹ್ಯಾಂಗ ಹಾಕ್ತೀರಿ?”

“ಕೈ ಅಳತಿ ಅದ ನೋಡು. ನಿಮ್ಮ ಮಾವ ಮೊದಲ ತುತ್ತು ಇಟ್ಕೊಂಡಾಗ ಮಾರಿ ನೋಡ್ತೀನಿ. ಅವರಿಗಿ ಹೇಳಬ್ಯಾಡ. ಡಾಕ್ಟರು ಅಂತ ಓಡಾಡ್ಸಿ, ಅಡಗಿ ಮಾಡೂದು ಬಿಡಿಸ್ತಾರ.”

ವರ್ಷವಿಡೀ ನಾನಾಡಿದ ಮಾತುಗಳೆಲ್ಲ ಒಮ್ಮೆಲೇ ನೆನಪಾದವು.

ಅತ್ತೆ ಫ್ರೀಜರಿನಿಂದ ಇನ್ನೊಂದು ಹಣ್ಣು ತೆಗೆದರು. ಕಲ್ಲಿನಂತಿದ್ದ ಅದನ್ನು ಚಾಕುವಿನಿಂದ ಹೆರೆದು, ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ, ಒಂದನ್ನು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ನಾನೂ ಒಂದು ತೆಗೆದುಕೊಂಡೆ. ಹಲ್ಲು ಜುಮ್ಮೆಂದಿತು.

“ಹ್ಯಾಂಗದ?” ಎಂದರು.

“ಮೊದಲ ಬರೇ ತಂಪು. ಆಮ್ಯಾಲ, ಭಾಳ ತಡದು, ಸಣ್ಣಗ ಸಿಹಿ ಬರ್ತದ ಅತ್ತಿ.”

“ಹೌದಾ” ಎಂದ ಅತ್ತೆ, ಬಾಯೊಳಗಿನ ಬಿಲ್ಲೆಯನ್ನು ನುಂಗದೆ ಹಾಗೇ ಕಾಯುತ್ತ ಕುಳಿತರು.